ಕರಿಯ ತಾನಾಗೇ ಗದ್ದ ಇಟ್ಟ: ಉಗುರು ಕಟಿಂಗ್, ಡಾಕ್ಟ್ರ ವಿಸಿಟ್‌ಗೆ ನಾಯೀನ ತಯಾರು ಮಾಡೋ ಆನ್‌ಲೈನ್ ಕೋರ್ಸ್ ಬಗ್ಗೆ

ಐದಕ್ಕೆ ನಾಲ್ಕು ಸ್ಟಾರ್ ಕೊಡ್ತಿದ್ದೀನಿ, ಒಂದು ಯಾಕೆ ಕಮ್ಮಿ ಅಂತ ಆಮೇಲೆ ಹೇಳ್ತೀನಿ. ಮೊದಲೇ ತಿಳ್ಕೊಳ್ಳಿ, ಕೋರ್ಸ್ ವಿವರದಲ್ಲಿ ಆರು ವಾರ ಅಂತ ಹಾಕಿದಾರೆ, ನಮಗೆ ನಾಲ್ಕು ತಿಂಗಳು ಹಿಡೀತು, ಇನ್ನೂ ಒಂದು ಹಿಂಗಾಲಿನ ಉಗುರು ಬಾಕಿ ಇದೆ. ಹಂಗಿದ್ರೂ ಸೇರಿದ್ದಕ್ಕೆ ಒಂದು ದಿನಾನೂ ಬೇಜಾರಾಗಿಲ್ಲ.

ನಮ್ಮ ನಾಯಿ ಕರಿಯಂಗೆ ಐದು ವರ್ಷ. ಮೈಯೂ ಕಪ್ಪು, ಉಗುರೂ ಕಪ್ಪು. ಬಿಳಿ ಉಗುರಿನ ನಾಯಿ ಆದ್ರೆ ಒಳಗಿರೋ ಹಸಿ ಭಾಗ, ಕ್ವಿಕ್ ಅಂತಾರಲ್ಲ, ರಕ್ತನಾಳ ನರ ಎರಡೂ ಇರೋ ಜಾಗ, ಅದು ತಿಳಿ ಗುಲಾಬಿ ಬಣ್ಣದಲ್ಲಿ ಹೊರಗಿಂದಾನೇ ಕಾಣುತ್ತೆ. ಕಪ್ಪು ಉಗುರಲ್ಲಿ ಏನೂ ಕಾಣಲ್ಲ. ಎರಡು ವರ್ಷದ ಹಿಂದೆ ಒಂದು ಗ್ರೂಮಿಂಗ್ ಸೆಂಟರಲ್ಲಿ, ಹೆಸರು ಬೇಡ, ಒಂದೇ ದಿನ ಎರಡು ಉಗುರಲ್ಲಿ ಆ ಹಸಿ ಭಾಗಕ್ಕೇ ಕ್ಲಿಪ್ಪರ್ ಬಿತ್ತು. ನಾನು ಹೊರಗೆ ಕೂತಿದ್ದೆ. ಅವನು ಕೂಗಿದ ಕೂಗು ಇವತ್ತಿಗೂ ಕಿವೀಲಿದೆ. ಆವತ್ತಿಂದ ಮನೇಲಿ ಕ್ಲಿಪ್ಪರ್ ಇಡೋ ಡ್ರಾಯರ್ ಎಳೆದ್ರೆ ಸಾಕು ಮಂಚದ ಕೆಳಗೆ ಸೇರ್ಕೊಂಡುಬಿಡ್ತಿದ್ದ, ಅದೇ ಡ್ರಾಯರಲ್ಲಿ ನಾವು ಟಾರ್ಚ್ ಬ್ಯಾಟರಿ ಎಲ್ಲಾ ಇಡ್ತಿದ್ವಿ, ಕರೆಂಟ್ ಹೋದಾಗ ಟಾರ್ಚ್ ತೆಗೆದ್ರೂ ಓಡ್ತಿದ್ದ.

ಆಮೇಲೆ ನಾವು ಮಾಡಿದ್ದು ಎಲ್ಲರೂ ಮಾಡೋದೇ. ನಾನು ಕುತ್ತಿಗೆ ಹಿಡ್ಕೊಳ್ಳೋದು, ತಮ್ಮ ಸೊಂಟ ಹಿಡ್ಕೊಳ್ಳೋದು, ಅಮ್ಮ ಉಗುರು ಕತ್ತರಿಸೋದು. ಮೊದಮೊದಲು ಇಬ್ಬರು ಸಾಕಾಗ್ತಿದ್ರು, ಆಮೇಲೆ ಮೂರು ಜನ ಬೇಕಾಯ್ತು, ಒಂದು ದಿನ ತಮ್ಮನ ಮೊಣಕೈ ಹತ್ರ ಹಲ್ಲು ತಾಗಿಸಿದ. ಕಚ್ಚಲಿಲ್ಲ, ತಾಗಿಸಿ ಬಿಟ್ಟ, ಆದ್ರೆ ಅದು ಎಚ್ಚರಿಕೆ ಅಂತ ನಮ್ಮೆಲ್ಲರಿಗೂ ಗೊತ್ತಾಯ್ತು. ತಮ್ಮ ಕೈ ಉಜ್ಕೊಂಡು "ಅಕ್ಕಾ, ಇನ್ನು ನಾನು ಹಿಡಿಯಲ್ಲ, ಅವನಿಗೆ ನನ್ನ ಕಂಡ್ರೆ ಭಯ ಆಗೋದು ನಂಗೆ ಬೇಡ" ಅಂದ. ಅವತ್ತು ರಾತ್ರೀನೇ ಹುಡುಕಿ ಈ ಕೋರ್ಸಿಗೆ ಸೇರ್ಕೊಂಡೆ.

ಮೊದಲ ವಾರ ನಾಯೀನ ಮುಟ್ಟೋ ಹಾಗೇ ಇಲ್ಲ. ಬರೀ ನೋಡ್ಬೇಕು, ವಿಡಿಯೋ ಮಾಡ್ಬೇಕು. ನಂಗೆ ಸ್ವಲ್ಪ ಸಿಟ್ಟು ಬಂತು, ಉಗುರು ನೆಲಕ್ಕೆ ಟಕಟಕ ಅಂತಿದೆ, ಇವರು ನೋಡಿ ಅಂತಾರೆ. ಆದ್ರೆ ಆ ವಾರದ ಪಾಠಾನೇ ಇಡೀ ಕೋರ್ಸಿನ ಬುನಾದಿ ಅಂತ ಈಗ ಅನ್ಸುತ್ತೆ. ಕರಿಯನ್ನ ಹಿಡ್ಕೊಂಡು ಉಗುರು ಕತ್ತರಿಸಿದ ಒಂದು ಹಳೇ ವಿಡಿಯೋ ಫೋನಲ್ಲಿತ್ತು, ಅದನ್ನ ಕೋರ್ಸಲ್ಲಿ ಪಾಠ ಹೇಳೋ ಮೇಡಂಗೆ ಕಳಿಸಿ "ನೋಡಿ ಮೇಡಂ, ಇದರಲ್ಲಿ ಎಷ್ಟು ಸುಮ್ನಿದ್ದಾನೆ, ಕೆಲವು ಸಲ ಹಿಂಗೂ ಇರ್ತಾನೆ" ಅಂತ ಬರೆದಿದ್ದೆ. ಅವರು ವಾಪಸ್ ಕಳಿಸಿದಾಗ ನಾಲ್ಕು ಕಡೆ ನಿಲ್ಲಿಸಿ ಗುರುತು ಹಾಕಿದ್ರು. ಒಂದು ಕಡೆ ಮುಖ ಆಚೆ ತಿರುಗಿಸಿ ಕಣ್ಣಿನ ಬಿಳಿ ಭಾಗ ಕಾಣೋ ಥರ ಓರೆಗಣ್ಣಲ್ಲಿ ನೋಡ್ತಿದ್ದ, ಒಂದು ಕಡೆ ಏನೂ ತಿನ್ನದೇ ಇದ್ರೂ ತುಟಿ ನೆಕ್ಕೊಂಡ, ಒಂದು ಕಡೆ ನಿದ್ದೆ ಇಲ್ಲದೇ ಇದ್ರೂ ಆಕಳಿಸಿದ. ನಾಲ್ಕನೇದರಲ್ಲಿ ಬಾಯಿ ಬಿಗಿಯಾಗಿ ಮುಚ್ಕೊಂಡು ಕಲ್ಲಿನ ಥರ ನಿಂತುಬಿಟ್ಟಿದ್ದ. ಅದನ್ನೇ ನಾನು ಸುಮ್ನಿದ್ದಾನೆ ಅಂದ್ಕೊಂಡಿದ್ದು. ಅದು ಸುಮ್ಮನಿರೋದಲ್ಲ, ಭಯಕ್ಕೆ ಮರಗಟ್ಟಿರೋದು. ಆ ವಿಡಿಯೋ ನೋಡಿ ನಂಗೆ ಅಳು ಬಂದಿತ್ತು, ಎಷ್ಟು ದಿನದಿಂದ ಅವನು ಹೇಳ್ತಾನೇ ಇದ್ದಾನೆ, ನಂಗೆ ಓದೋಕೆ ಬಂದಿರ್ಲಿಲ್ಲ.

ಹಿಡ್ಕೊಳ್ಳದೇ, ಪ್ರಾಣೀನೇ ಒಪ್ಕೊಂಡು ನಿಲ್ಲೋ ಹಾಗೆ ಕಲಿಸೋ ಈ ಪದ್ಧತಿ ಎಲ್ಲಿಂದ ಬಂತು ಅನ್ನೋದನ್ನೂ ಒಂದು ಪಾಠದಲ್ಲಿ ಹೇಳ್ತಾರೆ, ಚೆನ್ನಾಗಿದೆ ಆ ಪಾಠ. ಇದು ಬೆಳೆದಿದ್ದು ಹಿಡ್ಕೊಂಡು ಕೆಲಸ ಮಾಡಿಸೋಕೆ ಆಗದ ಪ್ರಾಣಿಗಳ ಹತ್ರ. ನೀರಲ್ಲಿರೋ ಡಾಲ್ಫಿನ್ ಕುತ್ತಿಗೆಗೆ ಬೆಲ್ಟ್ ಹಾಕಿ ಎಳೆಯೋಕಾಗುತ್ತಾ? 1960ರ ದಶಕದಲ್ಲಿ ಹವಾಯಿಯಲ್ಲಿ ಡಾಲ್ಫಿನ್ ಟ್ರೈನ್ ಮಾಡ್ತಿದ್ದ ಕರೆನ್ ಪ್ರಯರ್ ಅನ್ನೋರೇ ಮುಂದೆ ನಾಯಿ ಸಾಕೋರಿಗೆ ಕ್ಲಿಕ್ಕರ್ ಟ್ರೈನಿಂಗ್, ಅಂದ್ರೆ ಸರಿ ಮಾಡಿದ ಕ್ಷಣಕ್ಕೆ ಟಿಕ್ ಅನ್ನೋ ಸದ್ದು ಮಾಡಿ ಟ್ರೀಟ್ ಕೊಟ್ಟು ಕಲಿಸೋದನ್ನ, ಪರಿಚಯ ಮಾಡಿಸಿದೋರಲ್ಲಿ ಮುಖ್ಯರು. 1990ರ ದಶಕದಲ್ಲಿ ಅಮೆರಿಕಾದ ಡೆನ್ವರ್ ಮೃಗಾಲಯದಲ್ಲಿ ಪ್ರಾಣಿಗಳ ವರ್ತನೆ ಬಗ್ಗೆ ಅಧ್ಯಯನ ಮಾಡೋ ವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಮತ್ತೆ ಅವರ ಜೊತೆಯೋರು ನ್ಯಾಲಾ, ಬೋಂಗೋ ಅನ್ನೋ ಆಫ್ರಿಕಾದ ಜಿಂಕೆ ಥರದ ಪ್ರಾಣಿಗಳಿಗೆ ತಾವಾಗೇ ಪೆಟ್ಟಿಗೆಯೊಳಗೆ ಬಂದು ನಿಂತು ರಕ್ತ ತೆಗೆಸ್ಕೊಳ್ಳೋದನ್ನ ಕಲಿಸಿದ್ರು. ಒಂದು ಸದ್ದಾದ್ರೂ ಬೆದರಿ ಓಡೋ ಪ್ರಾಣಿಗಳು ಅವು. ಬೋಂಗೋಗಳ ರಕ್ತ ಪರೀಕ್ಷೆ ಮಾಡಿದಾಗ ಕಾರ್ಟಿಸಾಲ್, ಅಂದ್ರೆ ಒತ್ತಡದ ಹಾರ್ಮೋನು, ತುಂಬಾ ಕಮ್ಮಿ ಇತ್ತಂತೆ. ಇದನ್ನ ಕೇಳಿದ್ಮೇಲೆ ಕರಿಯ ಕಲೀತಾನೆ ಅನ್ನೋ ಧೈರ್ಯ ಬಂತು, ಕಾಡಿನ ಪ್ರಾಣೀನೇ ಕಲೀತು ಅಂದ್ರೆ ನನ್ನ ಹಾಸಿಗೇಲಿ ಮಲಗೋನಿಗೆ ಯಾಕಾಗಲ್ಲ.

ಎರಡನೇ ವಾರದಿಂದ ಚಿನ್ ರೆಸ್ಟ್. ಒಂದು ಟವೆಲ್ ಮಡಚಿ ಸ್ಟೂಲ್ ಮೇಲೆ ಹಾಕ್ಬೇಕು, ನಾಯಿ ಬಂದು ಅದರ ಮೇಲೆ ಗದ್ದ ಇಡೋದನ್ನ ಕಲಿಸ್ಬೇಕು. ಗದ್ದ ಟವೆಲ್ ಮೇಲಿದ್ರೆ ನೀವು ಕೆಲಸ ಮಾಡ್ಬಹುದು. ಗದ್ದ ಎತ್ತಿದ ತಕ್ಷಣ ನಿಮ್ಮ ಕೈ ವಾಪಸ್. ಇಷ್ಟೇ ರೂಲ್. ಇದನ್ನ ಸ್ಟಾರ್ಟ್ ಬಟನ್ ಅಂತಾರೆ, ಅಂದ್ರೆ ಶುರು ಮಾಡು ಅಂತ ಹೇಳೋ ಗುಂಡಿ ನಾಯಿ ಹತ್ರಾನೇ ಇರುತ್ತೆ. ಗದ್ದ ಇಡೋಕೆ ಇಷ್ಟ ಇಲ್ಲದ ನಾಯಿಗಳಿಗೆ ಚಿರಾಗ್ ಪಟೇಲ್ ಅನ್ನೋ ಟ್ರೈನರ್ ರೂಪಿಸಿದ ಬಕೆಟ್ ಗೇಮ್ ಕೂಡ ಹೇಳ್ಕೊಡ್ತಾರೆ, ಅದರಲ್ಲಿ ಟ್ರೀಟ್ ಇರೋ ಬಕೆಟ್ ಕಡೆ ನಾಯಿ ನೋಡ್ತಾ ಇರೋವರೆಗೂ ಮುಂದುವರಿಸ್ಬೇಕು, ಕಣ್ಣು ಬೇರೆ ಕಡೆ ತಿರುಗಿಸಿದ್ರೆ ನಿಲ್ಲಿಸ್ಬೇಕು. ಎರಡರ ತಿರುಳೂ ಒಂದೇ.

ಗದ್ದ ಇಡೋದು ಕರಿಯ ಮೂರೇ ದಿನದಲ್ಲಿ ಕಲ್ತ. ನಂಗೇ ಕಷ್ಟ ಆಗಿದ್ದು ನಿಲ್ಲಿಸೋದು. ಕೈಯಲ್ಲಿ ಕಾಲು ಸಿಕ್ಕಿದೆ, ಕ್ಲಿಪ್ಪರ್ ಉಗುರಿನ ಹತ್ರ ಇದೆ, ಅವನು ಗದ್ದ ಎತ್ತಿದ, ಇದೊಂದು ಮುಗಿಸಿಬಿಡೋಣ ಅಂತ ಕೈ ತುಡಿಯುತ್ತೆ. ಮುಗಿಸ್ಬಾರ್ದು. ಮೊದಲನೇ ಸಲ ಅವನು ಗದ್ದ ಎತ್ತಿದಾಗ ನಾನು ಕ್ಲಿಪ್ಪರ್ ಕೆಳಗಿಟ್ಟು ಕೈ ಮಡಿಲಲ್ಲಿಟ್ಕೊಂಡು ಕೂತೆ. ಅವನು ನನ್ನ ಕೈ ನೋಡಿದ, ಕ್ಲಿಪ್ಪರ್ ನೋಡಿದ, ಮತ್ತೆ ನನ್ನ ಮುಖ ನೋಡಿದ. ಒಂದು ಸುತ್ತು ರೂಮಲ್ಲಿ ತಿರುಗಿ ಬಂದ. ಬಂದು ಟವೆಲ್ ಮೂಸಿ ಮತ್ತೆ ಗದ್ದ ಇಟ್ಟ. ಎರಡು ವರ್ಷದಲ್ಲಿ ಅವನು ಬೇಡ ಅಂದಿದ್ದನ್ನ ಯಾರೋ ಕೇಳಿಸ್ಕೊಂಡಿದ್ದು ಅದೇ ಮೊದಲು. ಆಮೇಲಿಂದ ಅವನು ಬೇಡ ಅನ್ನೋದು ಜಾಸ್ತಿ ಆಗುತ್ತೆ ಅಂತ ನಾನು ಹೆದರಿದ್ದೆ, ಕಮ್ಮಿ ಆಯ್ತು. ಬೇಡ ಅಂದ್ರೆ ನಿಲ್ಲುತ್ತೆ ಅಂತ ಗ್ಯಾರಂಟಿ ಇರೋನಿಗೆ ಓಡೋ ಅವಶ್ಯಕತೆ ಬರಲ್ಲ.

ಟ್ರೀಟ್ ವಿಷ್ಯದಲ್ಲಿ ನಾನು ವರ್ಷಗಟ್ಟಲೆ ತಪ್ಪು ಮಾಡಿದ್ದೆ, ಇದನ್ನ ನೀವೂ ಮಾಡ್ತಿರಬಹುದು ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೀತೀನಿ. ನಾನು ಚಿಕನ್ ಚೂರು ತೋರಿಸಿ ಕರೀತಿದ್ದೆ, ಅವನು ಬಂದು ತಿನ್ನುವಾಗ ಕಾಲು ಹಿಡ್ಕೊಳ್ತಿದ್ದೆ. ಹಂಗೆ ಮಾಡಿದ್ರೆ ಏನಾಗುತ್ತೆ ಅಂದ್ರೆ ಚಿಕನ್ ಬಂತು ಅಂದ್ರೆ ಹಿಂದೇನೇ ಕ್ಲಿಪ್ಪರ್ ಬರುತ್ತೆ ಅಂತ ನಾಯಿ ಕಲಿಯುತ್ತೆ, ಕೊನೆಗೆ ಚಿಕನ್ ಕಂಡ್ರೂ ಅನುಮಾನ. ಕರಿಯನಿಗೆ ಅದೇ ಆಗಿತ್ತು, ನಾವು ಅವನಿಗೆ ಚಿಕನ್ ಬೇಜಾರಾಗಿದೆ ಅಂದ್ಕೊಂಡು ಬೇರೆ ಬೇರೆ ಟ್ರೀಟ್ ತರಿಸ್ತಿದ್ವಿ. ಕ್ರಮ ಉಲ್ಟಾ ಇರ್ಬೇಕು. ಮೊದ್ಲು ಕ್ಲಿಪ್ಪರ್ ಕಾಣ್ಬೇಕು, ಒಂದು ಸೆಕೆಂಡ್ ಬಿಟ್ಟು ಟ್ರೀಟ್ ಬರ್ಬೇಕು, ಕ್ಲಿಪ್ಪರ್ ಮರೆಯಾದ್ರೆ ಟ್ರೀಟೂ ನಿಲ್ಬೇಕು. ಪಾವ್ಲೋವ್‌ನ ಗಂಟೆ ಕಥೆ ಎಲ್ಲರಿಗೂ ಗೊತ್ತಲ್ಲ, ಗಂಟೆ ಮೊದಲು ಊಟ ಆಮೇಲೆ, ಅದೇ ಲೆಕ್ಕ. ಕೈ ಮೊದಲೇ ಟ್ರೀಟ್ ಡಬ್ಬಿಗೆ ಹೋಗಬಾರದು ಅಂತ ಮೇಡಂ ನನ್ನ ವಿಡಿಯೋದಲ್ಲಿ ಹತ್ತು ಸಲ ಆದ್ರೂ ತಿದ್ದಿದಾರೆ. ಕ್ಲಿಪ್ಪರನ್ನ ನೆಲದ ಮೇಲೆ ಮೂರಡಿ ದೂರ ಇಟ್ಟು ಶುರು ಮಾಡಿದ್ವಿ, ಅದನ್ನ ಎತ್ತಿ ಕೈಯಲ್ಲಿ ಹಿಡಿಯೋಕೆ ಒಂಬತ್ತು ದಿನ ಬೇಕಾಯ್ತು. ದಿನಕ್ಕೆ ಎರಡು ಸಲ, ಒಂದೊಂದು ಸಲ ಎರಡೇ ನಿಮಿಷ. ನೆಕ್ಕೋ ಮ್ಯಾಟ್ ಮೇಲೆ ಪೀನಟ್ ಬಟರ್ ಸವರಿ ಕೊಡೋರು ಡಬ್ಬಿ ಮೇಲೆ ಜೈಲಿಟಾಲ್ ಇದೆಯಾ ಅಂತ ನೋಡಲೇಬೇಕು, ಆ ಸಿಹಿ ನಾಯಿಗೆ ವಿಷ.

ಉಗುರಿನ ಪಾಠ ಇಡೀ ಕೋರ್ಸಲ್ಲೇ ಬೆಸ್ಟ್. ಕಪ್ಪು ಉಗುರನ್ನ ಒಂದೇ ಏಟಿಗೆ ಕತ್ತರಿಸ್ಬಾರ್ದು, ಕಾಗದದಷ್ಟು ತೆಳ್ಳಗೆ ಚೂರು ಚೂರು ತೆಗೀತಾ ಪ್ರತೀ ಸಲ ಕತ್ತರಿಸಿದ ಜಾಗ ನೋಡ್ಬೇಕು. ಮೊದ್ಲು ಒಣಗಿದ ಸುಣ್ಣದ ಥರ ಪುಡಿಪುಡಿಯಾಗಿ ಕಾಣುತ್ತೆ, ಆಮೇಲೆ ಮಧ್ಯದಲ್ಲಿ ಒಂದು ಗಾಢವಾದ, ಸ್ವಲ್ಪ ಹೊಳಪಿರೋ ಚುಕ್ಕೆ ಮೂಡುತ್ತೆ, ಅಲ್ಲಿಗೆ ಸ್ಟಾಪ್. ಆ ಚುಕ್ಕೆ ನಾನು ಮೊದಲ ಸಲ ನೋಡಿದಾಗ ಇಷ್ಟು ಸುಲಭವಾಗಿ ಕಾಣೋದನ್ನ ಯಾರೂ ಹೇಳಿರ್ಲಿಲ್ವಲ್ಲ ಅನ್ನಿಸ್ತು. ಉಗುರು ತುಂಬಾ ಬೆಳೆದಿದ್ರೆ ಒಳಗಿನ ಹಸಿ ಭಾಗವೂ ಮುಂದಕ್ಕೆ ಬಂದಿರುತ್ತೆ, ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ತೆಗೀತಾ ಇದ್ರೆ ಅದು ನಿಧಾನಕ್ಕೆ ಹಿಂದೆ ಸರಿಯುತ್ತೆ. ರಕ್ತ ಬಂದ್ರೆ ಸ್ಟಿಪ್ಟಿಕ್ ಪೌಡರ್ ಒತ್ತಿ ಹಿಡೀಬೇಕು, ಅದಿಲ್ಲದಿದ್ರೆ ಕಾರ್ನ್‌ಫ್ಲೋರ್ ಆದ್ರೂ ಆಗುತ್ತೆ, ಎರಡರಲ್ಲೊಂದು ಶುರು ಮಾಡೋ ಮುಂಚೇನೇ ಪಕ್ಕದಲ್ಲಿರ್ಲಿ.

ಗ್ರೈಂಡರ್, ಅಂದ್ರೆ ಉಗುರು ಉಜ್ಜಿ ಸವೆಸೋ ಪುಟ್ಟ ಮಷಿನ್, ಕ್ಲಿಪ್ಪರಿಗಿಂತ ಒಳ್ಳೇದಾ ಅಂತ ತುಂಬಾ ಜನ ಕೇಳ್ತಾರೆ. ಕತ್ತರಿಸಿ ನೋವಾಗೋ ಭಯ ಕಮ್ಮಿ, ಆದ್ರೆ ಸದ್ದು ಬೇರೆ, ನಡುಕ ಬೇರೆ, ಜೊತೆಗೆ ಬಿಸಿ. ಒಂದೇ ಕಡೆ ಹಿಡ್ಕೊಂಡಿದ್ರೆ ಉಗುರು ಕಾಯುತ್ತೆ, ಒಂದೆರಡು ಸೆಕೆಂಡ್ ತಾಗಿಸಿ ತೆಗೀಬೇಕು. ಕಾಲ್ಬೆರಳ ಹತ್ರ ಕೂದಲು ಉದ್ದ ಇರೋ ನಾಯಿ ಆದ್ರೆ ಕೂದಲು ಸುತ್ಕೊಳ್ಳದ ಹಾಗೆ ಹಿಂದಕ್ಕೆ ಹಿಡ್ಕೊಳ್ಬೇಕು. ಸದ್ದನ್ನ ಬೇರೆ ರೂಮಿಂದ ಶುರು ಮಾಡಿ ಅಂತಾರೆ, ಆಫ್ ಆಗಿರೋ ಗ್ರೈಂಡರನ್ನ ಉಗುರಿಗೆ ಮುಟ್ಟಿಸೋದು ಬೇರೆ ಅಭ್ಯಾಸ, ಎರಡನ್ನೂ ಒಟ್ಟಿಗೆ ಸೇರಿಸೋದು ತುಂಬಾ ಆಮೇಲೆ. ನಮಗೆ ವರ್ಕ್ ಆಗಿದ್ದು ಮೂರನೇದು, ಸ್ಕ್ರ್ಯಾಚ್ ಬೋರ್ಡ್. ಹಲಗೆಗೆ 80 ನಂಬರಿನ ಉಪ್ಪುಕಾಗದ ಅಂಟಿಸಿ ಓರೆಯಾಗಿ ಹಿಡಿದ್ರೆ ನಾಯೀನೇ ಮುಂಗಾಲಲ್ಲಿ ಕೆರೀತಾ ಉಗುರು ಸವೆಸ್ಕೊಳ್ಳುತ್ತೆ. ಕರಿಯನಿಗೆ ಇದು ಆಟ ಆಗೋಗಿದೆ, ಬೋರ್ಡ್ ಕಂಡ್ರೆ ಬಾಲ ಆಡಿಸ್ತಾ ಬರ್ತಾನೆ. ಅಂಗಾಲು ಕಾಗದಕ್ಕೆ ಉಜ್ಜದ ಹಾಗೆ ಕೋನ ನೋಡ್ಕೊಳ್ಳಿ, ಒಂದೇ ದಿನ ಜಾಸ್ತಿ ಬೇಡ. ಮುಂಗಾಲ ಒಳಬದಿ ಮೇಲ್ಗಡೆ ಹೆಬ್ಬೆರಳಿನ ಥರ ಇರುತ್ತಲ್ಲ ಡ್ಯೂಕ್ಲಾ, ಅದು ಬೋರ್ಡಿಗೆ ತಾಗಲ್ಲ, ಅದನ್ನ ಕೈಯಲ್ಲೇ ಕತ್ತರಿಸ್ಬೇಕು, ಬಿಟ್ರೆ ಸುತ್ತಿ ಬೆಳೆದು ಚರ್ಮಕ್ಕೇ ಚುಚ್ಚುತ್ತೆ.

ಮಝಲ್, ಅಂದ್ರೆ ಕಚ್ಚದ ಹಾಗೆ ನಾಯಿ ಮೂತಿಗೆ ಹಾಕೋ ಕವಚ, ಅದರ ಪಾಠಾನ ಸ್ಕಿಪ್ ಮಾಡೋಣ ಅಂದ್ಕೊಂಡಿದ್ದೆ, ನಮ್ಮ ನಾಯಿ ಕಚ್ಚಲ್ಲ ಅಂತ. ನೋವಲ್ಲಿರೋ ಯಾವ ನಾಯಿ ಬೇಕಾದ್ರೂ ಕಚ್ಚುತ್ತೆ, ಆಕ್ಸಿಡೆಂಟ್ ಆದ ದಿನ ಮೊದಲ ಸಲ ಮಝಲ್ ಹಾಕಿಸ್ಕೊಂಡ್ರೆ ಆ ಭಯ ಆ ನೋವಿಗೆ ಸೇರ್ಕೊಳ್ಳುತ್ತೆ ಅಂದ್ರು ಮೇಡಂ, ಸರಿ ಅನ್ನಿಸ್ತು. ಕುಕ್ಕೆ ಥರದ್ದನ್ನೇ ತಗೋಬೇಕು, ಅದರೊಳಗೆ ನಾಯಿ ಬಾಯಿ ಅಗಲಿಸಿ ಏದುಸಿರು ಬಿಡಬಹುದು, ನೀರು ಕುಡೀಬಹುದು, ಟ್ರೀಟ್ ತಿನ್ನಬಹುದು. ಬಟ್ಟೇದು ಬಾಯಿಗೆ ಬಿಗಿಯಾಗಿ ಕೂರುತ್ತೆ, ನಾಯಿ ಮೈ ತಣ್ಣಗಾಗೋದೇ ಏದುಸಿರಿಂದ, ಹಂಗಾಗಿ ಅದನ್ನ ತುಂಬಾ ಹೊತ್ತು ಹಾಕಿಟ್ರೆ ಅಪಾಯ. ನಾವೇ ಮೂತಿಗೆ ತಳ್ಳೋ ಹಾಗಿಲ್ಲ, ಕುಕ್ಕೆಯೊಳಗೆ ಟ್ರೀಟ್ ಇಟ್ಟು ಹಿಡ್ಕೊಂಡ್ರೆ ನಾಯೀನೇ ಮೂತಿ ತೂರಿಸುತ್ತೆ, ಪಟ್ಟಿ ಕಟ್ಟೋದು ಎಷ್ಟೋ ದಿನ ಆದ್ಮೇಲೆ.

ಡಾಕ್ಟ್ರ ಭಾಗಕ್ಕೆ ಬಂದ್ರೆ, ಮನೇಲಿ ರಿಹರ್ಸಲ್ ಮಾಡಿಸೋ ರೀತಿ ತುಂಬಾ ಹಿಡಿಸ್ತು. ಇಂಜೆಕ್ಷನ್ ಅಂದ್ರೆ ಬರೀ ಸೂಜಿ ಅಲ್ಲ ಅಂತ ಬಿಡಿಸಿ ತೋರಿಸ್ತಾರೆ. ಮೊದ್ಲು ಸ್ಪಿರಿಟ್ ವಾಸನೆ, ಆಮೇಲೆ ತಣ್ಣನೆ ಒದ್ದೆ ಹತ್ತಿ, ಆಮೇಲೆ ಹೆಗಲ ಹತ್ರ ಚರ್ಮ ಎತ್ತಿ ಹಿಡಿಯೋದು, ಆಮೇಲೆ ಒತ್ತಿದ ಹಾಗೆ ಅನ್ನಿಸೋದು. ಒಂದೊಂದನ್ನೂ ಬೇರೆ ಬೇರೆ ಅಭ್ಯಾಸ ಮಾಡಿಸಿ, ಕೊನೆಗೆ ಸೂಜಿ ಇಲ್ಲದ ಸಿರಿಂಜ್ ತುದಿ ಒತ್ತಿ ಟ್ರೀಟ್ ಕೊಡೋದು. ಕರಿಯನಿಗೆ ಸೂಜಿಗಿಂತ ಸ್ಪಿರಿಟ್ ವಾಸನೇನೇ ಸಮಸ್ಯೆ ಅಂತ ನಮಗೆ ಗೊತ್ತಾಗಿದ್ದು ಇಲ್ಲೇ, ಹತ್ತಿ ತಂದ್ರೆ ಸಾಕು ಗದ್ದ ಎತ್ತಿಬಿಡ್ತಿದ್ದ, ಸಿರಿಂಜ್ ಒತ್ತಿದ್ರೆ ಅಲ್ಲಾಡ್ತಿರ್ಲಿಲ್ಲ. ವಾಸನೆಗೇ ಎರಡು ವಾರ ಕೊಟ್ವಿ. ಮಧ್ಯೆ ಮಧ್ಯೆ ಕ್ಲಿನಿಕ್ಕಿಗೆ ಫೋನ್ ಮಾಡಿ ರಶ್ ಇಲ್ಲದ ಹೊತ್ತಲ್ಲಿ ಹೋಗೋದು, ತೂಕದ ಮಷಿನ್ ಮೇಲೆ ನಿಲ್ಲಿಸೋದು, ನಾಲ್ಕು ಟ್ರೀಟ್ ಕೊಡೋದು, ವಾಪಸ್ ಬರೋದು. ಯಾರೂ ಏನೂ ಮಾಡಲ್ಲ. ಐದನೇ ಸಲಕ್ಕೆ ಬಾಗಿಲಲ್ಲಿ ನನ್ನನ್ನೇ ಎಳ್ಕೊಂಡು ಒಳಗೆ ಹೋದ. ಹೋದ ತಿಂಗಳು ವ್ಯಾಕ್ಸಿನ್ ಇತ್ತು, ಟವೆಲ್ ಜೊತೆಗೆ ತಗೊಂಡು ಹೋಗಿದ್ದೆ, ಕುರ್ಚಿ ಮೇಲೆ ಹಾಸಿದೆ, ಗದ್ದ ಇಟ್ಟ, ಡಾಕ್ಟ್ರು ಹಿಂದಿಂದ ಚುಚ್ಚಿದ್ದು ಅವನಿಗೆ ಗೊತ್ತಾಯ್ತು, ಕಿವಿ ಹಿಂದಕ್ಕೆ ಹೋಯ್ತು, ಗದ್ದ ಮಾತ್ರ ಎತ್ತಲಿಲ್ಲ. ಡಾಕ್ಟ್ರು ಸಿರಿಂಜ್ ಕೈಯಲ್ಲಿ ಹಿಡ್ಕೊಂಡೇ "ಇದು ಅದೇ ನಾಯೀನಾ?" ಅಂತ ಕೇಳಿದ್ರು.

ಇನ್ನೊಂದು ಪ್ರಾಮಾಣಿಕವಾದ ಪಾಠ ಇದೆ, ಎಲ್ಲಾ ಸಲಾನೂ ನಾಯೀನ ಕೇಳೋಕಾಗಲ್ಲ ಅನ್ನೋದು. ಗಾಯ ಆಗಿದೆ, ರಕ್ತ ಸುರೀತಿದೆ ಅಂದ್ರೆ ಹಿಡ್ಕೊಳ್ಳಲೇಬೇಕು. ಆಗ ಆ ಟವೆಲ್ ಹೊರಗೆ ತೆಗೀಬೇಡಿ ಅಂತಾರೆ. ಟವೆಲ್ ಹಾಸಿ, ಅವನು ಗದ್ದ ಇಟ್ಟು, ಎತ್ತಿದಾಗ ನೀವು ಬಿಡದೇ ಇದ್ರೆ ತಿಂಗಳುಗಟ್ಟಲೆ ಕಟ್ಟಿದ ನಂಬಿಕೆ ಒಂದೇ ದಿನಕ್ಕೆ ಹೋಗುತ್ತೆ. ಕೇಳೋಕಾಗದ ದಿನ ಬೇರೆ ಜಾಗ, ಬೇರೆ ಮಾತು, ಆದಷ್ಟು ಬೇಗ ಮುಗಿಸೋದು. ನಮಗೆ ಇದು ಉಪಯೋಗಕ್ಕೆ ಬಂತು, ಪಾದದ ಸಂದೀಲಿ ಮುಳ್ಳು ಸಿಕ್ಕಿಕೊಂಡಿದ್ದ ದಿನ ಅಡುಗೆಮನೇಲಿ ಹಿಡ್ಕೊಂಡು ತೆಗೆದ್ವಿ, ಮಾರನೇ ದಿನ ನಡುಮನೇಲಿ ಟವೆಲ್ ಹಾಸಿದ್ರೆ ಎಂದಿನ ಥರಾನೇ ಬಂದ. ತೀರಾ ಭಯ ಇರೋ ನಾಯಿಗಳಿಗೆ ಕ್ಲಿನಿಕ್ಕಿಗೆ ಹೋಗೋ ಮುಂಚೆ ಕೊಡೋ ಗ್ಯಾಬಪೆಂಟಿನ್, ಟ್ರಾಜೊಡೋನ್ ಥರದ ಔಷಧಿ ಇವೆ, ಅದನ್ನ ತಗೊಳ್ಳೋದು ಸೋಲಲ್ಲ, ಆದ್ರೆ ಡೋಸ್ ಪಶುವೈದ್ಯರೇ ಹೇಳ್ಬೇಕು, ಮನೇಲಿರೋ ಮನುಷ್ಯರ ಮಾತ್ರೆ ಕೊಡ್ಬಾರ್ದು ಅಂತ ಸ್ಪಷ್ಟವಾಗಿ ಹೇಳಿದಾರೆ.

ಈಗ ಆ ಒಂದು ಸ್ಟಾರ್. ಬೆಕ್ಕಿನ ಭಾಗ ತೀರಾ ಕಮ್ಮಿ, ಎರಡೇ ವಿಡಿಯೋ. ನಮ್ಮನೇಲಿ ಬೆಳ್ಳಿ ಅಂತ ಒಂದು ಬೆಕ್ಕೂ ಇದೆ, ಅದಕ್ಕೂ ಸೇರಿಸಿ ಅಂತಾನೇ ನಾನು ದುಡ್ಡು ಕಟ್ಟಿದ್ದು. ಕ್ಯಾರಿಯರನ್ನ, ಅಂದ್ರೆ ಬೆಕ್ಕನ್ನ ಕೂರಿಸಿ ಕರ್ಕೊಂಡು ಹೋಗೋ ಪೆಟ್ಟಿಗೇನ, ಅಟ್ಟದ ಮೇಲಿಡದೆ ವರ್ಷವಿಡೀ ನಡುಮನೇಲೇ ಬಾಗಿಲು ತೆಗೆದಿಟ್ಟು ಮಲಗೋ ಜಾಗ ಮಾಡಿ, ಮೇಲ್ಗಡೆ ತೆರೆಯೋದು ತಗೊಂಡ್ರೆ ಕ್ಲಿನಿಕ್ಕಲ್ಲಿ ಎಳೀಬೇಕಾಗಿಲ್ಲ, ಹೋಗುವಾಗ ಮೇಲೆ ಬಟ್ಟೆ ಮುಚ್ಚಿ, ಅಂಗಾಲನ್ನ ಮೆತ್ತಗೆ ಒತ್ತಿದ್ರೆ ಉಗುರು ಆಚೆ ಬರುತ್ತೆ ತುದಿ ಮಾತ್ರ ತೆಗೀರಿ, ಇಷ್ಟೇ. ಇದ್ದಿದ್ದು ಉಪಯೋಗ ಆಯ್ತು, ಬೆಳ್ಳಿ ಈಗ ಕ್ಯಾರಿಯರಲ್ಲೇ ಮಲಗ್ತಾಳೆ, ಆದ್ರೆ ಬೆಕ್ಕಿಗೆ ಮಾತ್ರೆ ನುಂಗಿಸೋದು, ಕಿವಿ ಡ್ರಾಪ್ಸ್ ಹಾಕೋದು, ಉದ್ದ ಕೂದಲಿನ ಬೆಕ್ಕಿನ ಗಂಟು ಬಿಡಿಸೋದು ಯಾವುದೂ ಇಲ್ಲ. ನಾಯಿ ಬೆಕ್ಕು ಎರಡಕ್ಕೂ ಅಂತ ಹಾಕ್ಬಾರ್ದಿತ್ತು. ಇನ್ನೊಂದು, ವಿಡಿಯೋ ಕಳಿಸಿದ್ರೆ ಉತ್ತರಕ್ಕೆ ನಾಲ್ಕೈದು ದಿನ ಕಾಯ್ಬೇಕು, ಅಷ್ಟರಲ್ಲಿ ನಾವು ತಪ್ಪನ್ನೇ ನಾಲ್ಕೈದು ದಿನ ಅಭ್ಯಾಸ ಮಾಡಿರ್ತೀವಿ. ಬಂದ ಉತ್ತರ ಮಾತ್ರ ಬಂಗಾರ, ಸೆಕೆಂಡ್ ಲೆಕ್ಕದಲ್ಲಿ ಹೇಳ್ತಾರೆ.

ಆಗಲೇ ಕಚ್ಚಿ ಗಾಯ ಮಾಡಿರೋ ನಾಯಿ ಆದ್ರೆ ಈ ಕೋರ್ಸ್ ಒಂದೇ ಸಾಲದು, ಮೊದ್ಲು ಪಶುವೈದ್ಯರಿಗೆ ತೋರಿಸಿ, ಎಲ್ಲಾದ್ರೂ ನೋವಿದೆಯಾ ನೋಡ್ಸಿ, ಎದುರಿಗೇ ಬಂದು ನೋಡೋ ಎಕ್ಸ್‌ಪರ್ಟ್ ಹಿಡೀರಿ. ಮರಿ ತಂದೋರು ಮಾತ್ರ ಕಾಯ್ಲೇಬೇಡಿ, ಇವತ್ತೇ ಸೇರಿ, ಹಳೇ ಭಯ ಅಳಿಸೋ ಕೆಲಸ ಇರಲ್ಲ ನಿಮಗೆ.

ನಮ್ಮ ಲೆಕ್ಕ ಸದ್ಯಕ್ಕೆ ಹಿಂಗಿದೆ. ಮುಂಗಾಲು ಎರಡೂ ಬೋರ್ಡಲ್ಲಿ, ಡ್ಯೂಕ್ಲಾ ಕ್ಲಿಪ್ಪರಲ್ಲಿ, ಬಲ ಹಿಂಗಾಲು ಟವೆಲ್ ಮೇಲೆ ಗದ್ದ ಇಟ್ಟು ಪೂರ್ತಿ. ಎಡ ಹಿಂಗಾಲಲ್ಲಿ ಆವತ್ತು ರಕ್ತ ಬಂದಿದ್ದ ಎರಡು ಉಗುರು ಹಂಗೇ ಇದೆ, ಕ್ಲಿಪ್ಪರ್ ಮುಟ್ಟಿಸೋವರೆಗೂ ಬಿಡ್ತಾನೆ, ಒತ್ತೋಕೆ ಹೋದ್ರೆ ಗದ್ದ ಎತ್ತುತ್ತಾನೆ. ನಾನು ಕೈ ತೆಗೀತೀನಿ. ಇವತ್ತು ಬೆಳಿಗ್ಗೆ ಟಾರ್ಚಿಗೆ ಬ್ಯಾಟರಿ ಹಾಕೋಣ ಅಂತ ಡ್ರಾಯರ್ ಎಳೆದೆ, ಕರಿಯ ಬಂದು ಸ್ಟೂಲ್ ಪಕ್ಕ ಕೂತ.